ಮಾತಿನ ಜೊತೆಗೊಂದು ಮಾತ್ರೆ

1979ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಕ್‌ವಿಲ್ ಎಂಬ ಊರಿನ ಚೆಸ್ಟ್‌ನಟ್ ಲಾಡ್ಜ್ ಎಂಬ ಮಾನಸಿಕ ಆಸ್ಪತ್ರೆಗೆ ರಾಫೆಲ್ ಓಶರಾಫ್ ದಾಖಲಾದರು. ವಯಸ್ಸು ನಲವತ್ತರ ಆಸುಪಾಸು. ಸ್ವತಃ ಮೂತ್ರಪಿಂಡ ತಜ್ಞರು. ನೆರೆಯ ವರ್ಜೀನಿಯಾದಲ್ಲಿ ಡಯಾಲಿಸಿಸ್ ಕೇಂದ್ರ ಕಟ್ಟಿ ಹೆಸರು ಮಾಡಿದ್ದವರು. ಈಗ ಅವರನ್ನು ಖಿನ್ನತೆ ಹಿಡಿದಿತ್ತು. ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಒಂದು ಕಡೆ ಕೂರಲಾಗುವುದಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ಶತಪಥ ಹಾಕಿ ಹಾಕಿ ಪಾದಗಳು ಊದಿಕೊಂಡು ಗುಳ್ಳೆ ಎದ್ದವು. ಮೈತೂಕ ಸುಮಾರು 18 ಕಿಲೋ ಇಳಿಯಿತು. ಇಷ್ಟಕ್ಕೂ ಅಲ್ಲಿ ಕೊಟ್ಟ ಮುಖ್ಯ ಚಿಕಿತ್ಸೆ ಮಾತು, ವಾರಕ್ಕೆ ನಾಲ್ಕು ಸಲ. ಖಿನ್ನತೆಗೆ ಔಷಧ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ರೋಗಿಗೂ ಅದು ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. ಆದರೂ ಏಳು ತಿಂಗಳ ಕಾಲ ಮಾತ್ರೆ ಕೊಡಲಿಲ್ಲ.

ಅದು ಯಾವುದೋ ಹಿಂದುಳಿದ ಆಸ್ಪತ್ರೆಯಾಗಿದ್ದರೆ ಈ ಕಥೆಯನ್ನು ಹೇಳಬೇಕಾಗಿರಲಿಲ್ಲ. ಚೆಸ್ಟ್‌ನಟ್ ಲಾಡ್ಜ್ ಮನೋವಿಶ್ಲೇಷಣೆಯ ಪಾಲಿಗೆ ಪುಣ್ಯಕ್ಷೇತ್ರದಂತಿತ್ತು. ಜರ್ಮನಿಯಿಂದ ಬಂದ ಫ್ರೀಡಾ ಫ್ರಾಮ್-ರೈಶ್‌ಮನ್ 1935ರಿಂದ ಸಾಯುವವರೆಗೂ ಅಲ್ಲೇ ದುಡಿದವರು. ಬೇರೆಯವರು ಕೈಬಿಟ್ಟ ಸ್ಕಿಜೋಫ್ರೀನಿಯಾ ರೋಗಿಗಳ ಮುಂದೆ ಗಂಟೆಗಟ್ಟಲೆ ಕೂತು, ಅವರ ಒಡಕು ಮಾತಿನಲ್ಲೂ ಅರ್ಥ ಹುಡುಕಿದವರು. ಆ ಪರಂಪರೆಯ ಹೆಮ್ಮೆ ಆಸ್ಪತ್ರೆಯ ಗೋಡೆಗಳಲ್ಲೇ ಇತ್ತು ಎನ್ನಬೇಕು. ಹೆಮ್ಮೆಯ ಜೊತೆಗೆ ಒಂದು ಬಗೆಯ ಮಡಿಯೂ ಬಂತು.

ಆ ಮಡಿಗೊಂದು ತರ್ಕವಿತ್ತು. ಅದನ್ನು ಬರೀ ಹಟವೆಂದು ತಳ್ಳಿಹಾಕುವಂತಿಲ್ಲ. ಮನೋವಿಶ್ಲೇಷಕರ ಪ್ರಕಾರ ಸಂಕಟವೇ ಚಿಕಿತ್ಸೆಯ ಇಂಧನ. ಒಳಗಿನ ಆತಂಕ ಇದ್ದರೆ ತಾನೇ ರೋಗಿ ಒಳಕ್ಕೆ ನೋಡುವುದು? ಗುಳಿಗೆ ನುಂಗಿ ನೆಮ್ಮದಿಯಾದರೆ ಅಷ್ಟಕ್ಕೇ ಎದ್ದು ಹೋಗುತ್ತಾನೆ. ಮೂಲ ಗಂಟು ಹಾಗೇ ಉಳಿಯುತ್ತದೆ. ಎರಡನೆಯ ಅಳುಕು ಇನ್ನೂ ಸೂಕ್ಷ್ಮವಾದದ್ದು. ಹಳೆಯ ಸಂಬಂಧಗಳ ಪ್ರೀತಿ, ಸಿಟ್ಟು, ನಿರೀಕ್ಷೆಗಳನ್ನು ರೋಗಿ ತನಗೆ ಗೊತ್ತಿಲ್ಲದೆ ವೈದ್ಯರ ಮೇಲೆ ಹೊರಿಸುತ್ತಾನೆ. ಇದಕ್ಕೆ ಭಾವವರ್ಗಾವಣೆ ಎನ್ನುತ್ತಾರೆ, ಇಡೀ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ವೈದ್ಯ ತಾನೇ ಚೀಟಿ ಬರೆದು ಮಾತ್ರೆ ಕೊಟ್ಟರೆ ಆ ಕ್ಷಣದಿಂದ ಅವನು ಕೇಳುಗನಾಗಿ ಉಳಿಯುವುದಿಲ್ಲ, ಕೊಡುವವನಾಗುತ್ತಾನೆ. ಆಗ ರೋಗಿಯ ಮನಸ್ಸು ಬರೆಯುತ್ತಿದ್ದ ಚಿತ್ರ ಕದಡಿಹೋಗುತ್ತದೆ ಎಂಬ ಭಯ ಅವರದು.

ವಿಚಿತ್ರವೆಂದರೆ, ಈ ಪಂಥದ ಮೂಲಪುರುಷನಿಗೇ ಇಷ್ಟು ಮಡಿ ಇರಲಿಲ್ಲ. ಸಿಗ್ಮಂಡ್ ಫ್ರಾಯ್ಡ್ ಮೊದಲು ನರರೋಗ ವೈದ್ಯ. 1884ರಲ್ಲಿ ಕೊಕೇನನ್ನು ಹೊಗಳಿ ಪ್ರಬಂಧ ಬರೆದು, ಆಮೇಲೆ ಅದರ ಚಟದ ಮುಖ ನೋಡಿ ಕೈ ಸುಟ್ಟುಕೊಂಡವನು. ರಾಸಾಯನಿಕದ ಆಕರ್ಷಣೆ, ಅಪಾಯ ಎರಡೂ ಅವನಿಗೆ ಸ್ವಂತ ಅನುಭವದಿಂದ ಗೊತ್ತಿದ್ದವು. 1918ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್‌ನ ಸಮ್ಮೇಳನದಲ್ಲಿ ಮಾತಾಡುತ್ತ, ಮುಂದೊಂದು ದಿನ ಬಡವರಿಗೂ ಈ ಚಿಕಿತ್ಸೆ ಉಚಿತವಾಗಿ ಸಿಗಬೇಕಾಗುತ್ತದೆ, ಆಗ ವಿಶ್ಲೇಷಣೆಯೆಂಬ ಅಪರಂಜಿಗೆ ನೇರ ಸಲಹೆಯೆಂಬ ತಾಮ್ರವನ್ನು ಬೆರೆಸಲೇಬೇಕಾದೀತು ಎಂಬರ್ಥದ ಮಾತು ಹೇಳಿದ. ಶಿಷ್ಯರಿಗೆ ಅದರಲ್ಲಿ ಕೇಳಿಸಿದ್ದು ಅಪರಂಜಿ ಮಾತ್ರ. 1938ರಲ್ಲಿ, ಸಾಯುವ ಹಿಂದಿನ ವರ್ಷ, ಮುಗಿಸಲಾಗದೆ ಬಿಟ್ಟ ತನ್ನ ಕೊನೆಯ ಸಂಕ್ಷಿಪ್ತ ಗ್ರಂಥದಲ್ಲಿ ಇನ್ನೂ ಮುಂದೆ ಹೋದ: ಮುಂದೆ ರಾಸಾಯನಿಕ ವಸ್ತುಗಳಿಂದಲೇ ಮನಸ್ಸಿನ ಮೇಲೆ ನೇರ ಪ್ರಭಾವ ಬೀರಲು ಸಾಧ್ಯವಾಗಬಹುದು, ಅಲ್ಲಿಯವರೆಗೆ ಕೈಲಿರುವುದು ಈ ಮಾತಿನ ತಂತ್ರವೊಂದೇ ಎಂದ.

ಆ ರಾಸಾಯನಿಕಗಳು ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬಂದದ್ದು ಹೆಚ್ಚಾಗಿ ಆಕಸ್ಮಿಕವಾಗಿಯೇ. ಅದರಲ್ಲಿ ಒಂದು ನಮ್ಮ ದೇಶದ ಬೇರು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಸರ್ಪಗಂಧಿ ಬೇರಿನ ಪುಡಿಯಿಂದ ರಕ್ತದೊತ್ತಡವೂ ಇಳಿಯುತ್ತದೆ, ಕೆರಳಿದ ಮನೋರೋಗಿಗಳೂ ಶಾಂತರಾಗುತ್ತಾರೆ ಎಂದು ಪ್ರಕಟಿಸಿದ್ದರು. ಅದೇ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿ, ಫ್ರಾಯ್ಡ್ ಜೊತೆ ಪತ್ರ ಬರೆದುಕೊಂಡು ವಾದಿಸುತ್ತಿದ್ದರು. ಒಂದೇ ಊರಿನಲ್ಲಿ ವಿಶ್ಲೇಷಣೆಯ ಮಂಚವೂ ಇತ್ತು, ಬೇರಿನ ಪುಡಿಯೂ ಇತ್ತು. ಬೊಂಬಾಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರ 1949ರ ಲೇಖನದಿಂದ ಸರ್ಪಗಂಧಿ ಪಶ್ಚಿಮದ ಕಣ್ಣಿಗೆ ಬಿತ್ತು. 1954ರಲ್ಲಿ ನೇಥನ್ ಕ್ಲೈನ್ ಅದರ ಸತ್ವವಾದ ರೆಸರ್ಪಿನ್ನನ್ನು ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಪ್ರಯೋಗಿಸಿದ ವರದಿ ಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲು ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಝಿನ್ ಬಳಸಿ ಮನೋರೋಗ ವಾರ್ಡುಗಳ ಗದ್ದಲವನ್ನೇ ತಗ್ಗಿಸಿದ್ದರು.

ಇವರಲ್ಲೆಲ್ಲ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ರೋಲಂಡ್ ಕೂನ್. ಸ್ವಿಟ್ಜರ್ಲೆಂಡಿನ ಮುನ್‌ಸ್ಟರ್‌ಲಿಂಗನ್ ಎಂಬ ಸಣ್ಣ ಊರಿನ ಆಸ್ಪತ್ರೆಯವರು. ಗೈಗಿ ಕಂಪನಿ ಕಳಿಸಿದ್ದ ಒಂದು ರಾಸಾಯನಿಕ ಸ್ಕಿಜೋಫ್ರೀನಿಯಾಕ್ಕೆ ಹೆಚ್ಚೇನೂ ಉಪಯೋಗವಾಗಲಿಲ್ಲ. ಖಿನ್ನತೆಯ ರೋಗಿಗಳಿಗೆ ಕೊಟ್ಟು ನೋಡಿದರೆ ಕೆಲವರ ಮುಖವೇ ಬದಲಾಯಿತು. ಅದೇ ಇಮಿಪ್ರಮಿನ್, ಖಿನ್ನತೆಯ ಮೊದಲ ಔಷಧಗಳಲ್ಲಿ ಒಂದು. 1957ರಲ್ಲಿ ಅವರು ಈ ಫಲಿತಾಂಶವನ್ನು ಹೊರಗಿಟ್ಟರು. ಕೂನ್ ಪ್ರಯೋಗಾಲಯದ ಮನುಷ್ಯರಲ್ಲ. ರೋಗಿಯ ಬದುಕಿನ ಅನುಭವವನ್ನು ಎಳೆಎಳೆಯಾಗಿ ಕೇಳಿಸಿಕೊಳ್ಳುವ ಬಿನ್ಸ್‌ವಾಂಗರ್ ಪರಂಪರೆಯಲ್ಲಿ ಪಳಗಿದವರು. ರೋಗಿಯ ದನಿ ಯಾವಾಗ ಬದಲಾಯಿತು, ಬೆಳಗ್ಗೆ ಏಳುವಾಗಿನ ಭಾರ ಯಾವ ದಿನ ಇಳಿಯಿತು ಎನ್ನುವುದು ಅವರಿಗೆ ಕಂಡದ್ದು ಅಂಥ ಕಿವಿ ಇದ್ದುದರಿಂದಲೇ ಎಂದು ನನಗನ್ನಿಸುತ್ತದೆ. ಅವರ ಕಥೆಗೆ ಕಪ್ಪು ಮುಖವೂ ಇದೆ. ಆ ಆಸ್ಪತ್ರೆಯಲ್ಲಿ ಎಷ್ಟೋ ರೋಗಿಗಳ ಮೇಲೆ ಒಪ್ಪಿಗೆಯಿಲ್ಲದೆ ಔಷಧ ಪರೀಕ್ಷೆ ನಡೆದಿತ್ತು ಎಂದು ಇತ್ತೀಚಿನ ಇತಿಹಾಸಕಾರರು ದಾಖಲೆ ತೆಗೆದು ತೋರಿಸಿದ್ದಾರೆ.

ಔಷಧವನ್ನೂ ವಿಶ್ಲೇಷಣೆಯನ್ನೂ ಜೋಡಿಸುವ ಸಾಹಸ ಇದಕ್ಕೂ ಮೊದಲೇ ಒಂದು ಕಡೆ ನಡೆದಿತ್ತು: ಎರಡನೇ ಮಹಾಯುದ್ಧದ ಉತ್ತರ ಆಫ್ರಿಕಾದಲ್ಲಿ. ಬಾಂಬ್ ದಾಳಿಯಿಂದ ಬದುಕಿ ಬಂದು ಮಾತು ಕಳೆದುಕೊಂಡವರು, ಕೈಕಾಲು ನಡುಗುವವರು, ನಡೆದದ್ದೇ ನೆನಪಿಲ್ಲದವರು ಎಂಬಂಥ ಯೋಧರಿಗೆ ರಾಯ್ ಗ್ರಿಂಕರ್ ಮತ್ತು ಜಾನ್ ಸ್ಪೀಗಲ್ ಪೆಂಟೊಥಾಲ್ ಎಂಬ ಮಂಪರಿನ ಔಷಧ ಚುಚ್ಚುತ್ತಿದ್ದರು. ಗ್ರಿಂಕರ್ ವಿಯೆನ್ನಾದಲ್ಲಿ ಸ್ವತಃ ಫ್ರಾಯ್ಡ್ ಬಳಿ ವಿಶ್ಲೇಷಣೆಗೆ ಒಳಗಾದವರು. ಅರೆಮಂಪರಿನಲ್ಲಿ ಯೋಧ ಆ ರಾತ್ರಿಯನ್ನು ಮತ್ತೆ ಬದುಕಿ, ಚೀರಿ, ಅತ್ತು ಹೇಳಿಬಿಡುತ್ತಿದ್ದ. ಹೊರಬಂದದ್ದನ್ನು ಅವನು ಎಚ್ಚರದಲ್ಲಿ ಕೂತು ತನ್ನದಾಗಿಸಿಕೊಳ್ಳದಿದ್ದರೆ ಫಲವಿಲ್ಲ ಎಂದು ಈ ಇಬ್ಬರೂ ಒತ್ತಿ ಹೇಳುತ್ತಿದ್ದರು. ಸೂಜಿ ಬಾಗಿಲು ತೆಗೆಯಬಲ್ಲದು ಅಷ್ಟೆ. ಈ ವಿಧಾನದ ಮುಂದಿನ ಗತಿ ನಮ್ಮೂರಿಗೇ ಬಂದು ನಿಂತದ್ದು ಬೇರೆ ಮಾತು. ಚಿಕಿತ್ಸೆಯನ್ನು ಕಳಚಿ, ಮಂಪರನ್ನಷ್ಟೇ ಉಳಿಸಿಕೊಂಡು ಪೊಲೀಸರು ಅದನ್ನು ಸತ್ಯ ಕಕ್ಕಿಸುವ ಯಂತ್ರ ಮಾಡಿಕೊಂಡರು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ನಾರ್ಕೊ ಪರೀಕ್ಷೆಗಳನ್ನು ಟಿವಿಯಲ್ಲಿ ನೋಡಿದ ನೆನಪು ಹಲವರಿಗೆ ಇದ್ದೀತು. 2010ರ ಮೇ ತಿಂಗಳಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಓಶರಾಫ್ ಕಥೆ ಅರ್ಧಕ್ಕೆ ನಿಂತಿದೆ. ಏಳು ತಿಂಗಳ ಮೇಲೆ ಮನೆಯವರು ಅವರನ್ನು ಕನೆಕ್ಟಿಕಟ್ ರಾಜ್ಯದ ಸಿಲ್ವರ್ ಹಿಲ್ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಖಿನ್ನತೆಯ ಔಷಧದ ಜೊತೆ ಕ್ಲೋರ್‌ಪ್ರೊಮಝಿನ್ ಗುಂಪಿನ ಔಷಧವನ್ನೂ ಕೊಟ್ಟರು. ಮೂರು ವಾರದಲ್ಲಿ ಚೇತರಿಕೆ ಕಂಡಿತು, ಮೂರು ತಿಂಗಳೊಳಗೆ ಮನೆಗೆ ಹೋದರು. ಆದರೆ ಆ ಹೊತ್ತಿಗೆ ವೃತ್ತಿ ಕುಸಿದಿತ್ತು, ಸಂಸಾರ ಒಡೆದಿತ್ತು. 1982ರಲ್ಲಿ ಅವರು ಚೆಸ್ಟ್‌ನಟ್ ಲಾಡ್ಜ್ ಮೇಲೆ ದಾವೆ ಹೂಡಿದರು. 1987ರಲ್ಲಿ ವಿಷಯ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು, ಹಾಗಾಗಿ ಕಾನೂನಿನ ಮಾದರಿ ತೀರ್ಪೇನೂ ಹುಟ್ಟಲಿಲ್ಲ. ನಿಜವಾದ ವಿಚಾರಣೆ ನಡೆದದ್ದು 1990ರಲ್ಲಿ, ಅಮೆರಿಕದ ಮನೋವೈದ್ಯರ ಮುಖ್ಯ ಪತ್ರಿಕೆಯ ಪುಟಗಳಲ್ಲಿ. ಪರಿಣಾಮ ಸಾಬೀತಾದ ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕು ಎಂದು ಜೆರಾಲ್ಡ್ ಕ್ಲರ್‌ಮನ್ ವಾದಿಸಿದರು. ಒಂದು ಪ್ರಕರಣ ಹಿಡಿದು ಇಡೀ ವೃತ್ತಿಗೆ ನಿಯಮ ಬರೆಯಬೇಡಿ ಎಂದು ಆಲನ್ ಸ್ಟೋನ್ ತಡೆದರು. ವಾದ ಕಾಗದದ ಮೇಲೆ ಸಮಬಲದ್ದಾಗಿ ಕಂಡರೂ ಗೆದ್ದದ್ದು ಕ್ಲರ್‌ಮನ್ ಕಡೆಯೇ.

ಆ ಗೆಲುವನ್ನು ಅನೇಕರು ಮಾತ್ರೆಯ ಗೆಲುವೆಂದು ಓದಿದರು. ಅದೇ ತಪ್ಪಾದದ್ದು. ಮಾತ್ರೆ ಓಶರಾಫ್ ಅವರನ್ನು ಪಡಸಾಲೆಯ ಶತಪಥದಿಂದ ಬಿಡಿಸಿತು, ನಿಜ. ಆದರೆ ಕಳೆದುಹೋದ ಮಕ್ಕಳ ಒಡನಾಟ, ತನಗಾದ ಅನ್ಯಾಯ ಎಂಬ ಕೊರಗು ಇವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ದಶಕಗಳ ಕಾಲ ಆತ್ಮಕಥೆಯನ್ನು ಬರೆದು ತಿದ್ದಿ, ಪ್ರಕಟಿಸದೆಯೇ 2012ರಲ್ಲಿ ತೀರಿಕೊಂಡರು. ಇನ್ನೊಂದು ಸ್ವಾರಸ್ಯ: ಔಷಧದ ಪರ ವಾದಿಸಿದ ಕ್ಲರ್‌ಮನ್ ಅವರೇ ಮಿರ್ನಾ ವೈಸ್‌ಮನ್ ಜೊತೆ ಸೇರಿ ಮಾತಿನ ಚಿಕಿತ್ಸೆಯೊಂದನ್ನು ರೂಪಿಸಿದವರು. ವಿಶ್ಲೇಷಣೆಯ ಮರದಿಂದಲೇ ಒಡೆದ ಚಿಕ್ಕ ಕೊಂಬೆ ಅದು. ಅಗಲಿಕೆ, ಜಗಳ, ಬದಲಾದ ಪಾತ್ರ ಇಂಥ ಸಂಬಂಧದ ಸಂಗತಿಗಳನ್ನೇ ಮುಂದಿಟ್ಟುಕೊಳ್ಳುತ್ತದೆ.

ಅವರ ತಂಡ 1970ರ ದಶಕದಲ್ಲಿ ನ್ಯೂ ಹೇವನ್ ಮತ್ತು ಬಾಸ್ಟನ್‌ನಲ್ಲಿ ಖಿನ್ನತೆಯಿಂದ ಚೇತರಿಸಿಕೊಂಡ 150 ಮಹಿಳೆಯರನ್ನು ಗುಂಪುಗಳಾಗಿ ವಿಂಗಡಿಸಿ ನೋಡಿತು. ಅಮಿಟ್ರಿಪ್ಟಿಲಿನ್ ಮಾತ್ರೆ ಕಾಯಿಲೆ ಮರುಕಳಿಸುವುದನ್ನು ತಡೆಯಿತು. ಆದರೆ ಗಂಡ, ಮಕ್ಕಳು, ಕೆಲಸ, ನೆಂಟರಿಷ್ಟರ ಜೊತೆಗಿನ ಬದುಕನ್ನು ಅದು ಸರಿಪಡಿಸಲಿಲ್ಲ. ಆ ಕೆಲಸ ಮಾಡಿದ್ದು ಮಾತು. ಅದೂ ಕೂಡಲೇ ಅಲ್ಲ, ಆರೆಂಟು ತಿಂಗಳ ಮೇಲೆ. ಒಂದು ಬೇಗ ಫಲಿಸಿ ರೋಗಲಕ್ಷಣವನ್ನು ಹಿಡಿಯುತ್ತದೆ, ಇನ್ನೊಂದು ನಿಧಾನವಾಗಿ ಬದುಕನ್ನು ಹಿಡಿಯುತ್ತದೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದರ ಮೇಲೇ ನಿಂತಿದೆ: ಎರಡರ ಕಾಲವೂ ಬೇರೆ, ಕೆಲಸವೂ ಬೇರೆ. ಒಂದರ ಗಡಿಯಾರದಿಂದ ಇನ್ನೊಂದನ್ನು ಅಳೆದಾಗಲೇ ಜಗಳ ಹುಟ್ಟಿದ್ದು.

ಎಲ್ಲ ಕಾಯಿಲೆಗೂ ಇದೇ ಲೆಕ್ಕ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಕಮರಿಲೊ ಆಸ್ಪತ್ರೆಯಲ್ಲಿ ಫಿಲಿಪ್ ಮೇ 228 ಸ್ಕಿಜೋಫ್ರೀನಿಯಾ ರೋಗಿಗಳಿಗೆ ಐದು ಬಗೆಯ ಚಿಕಿತ್ಸೆ ಕೊಟ್ಟು 1968ರಲ್ಲಿ ಪ್ರಕಟಿಸಿದ ಫಲಿತಾಂಶ ಕಟುವಾಗಿತ್ತು. ಔಷಧ ಕೊಟ್ಟ ಗುಂಪುಗಳು ಚೆನ್ನಾಗಿ ಚೇತರಿಸಿಕೊಂಡವು, ಬರೀ ಮಾತು ಕೊಟ್ಟ ಗುಂಪು ಹಿಂದೆ ಬಿತ್ತು, ಔಷಧದ ಮೇಲೆ ಮಾತು ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಾತಿನ ಚಿಕಿತ್ಸೆ ಕೊಟ್ಟವರು ಇನ್ನೂ ಕಲಿಯುತ್ತಿದ್ದ ವೈದ್ಯರು ಎಂದು ವಿಶ್ಲೇಷಕರು ಆಕ್ಷೇಪಿಸಿದರು. ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಫ್ರಾಮ್-ರೈಶ್‌ಮನ್ ಅವರಂಥ ಕಿವಿ ಎಷ್ಟು ಆಸ್ಪತ್ರೆಗಳಿಗೆ ಸಿಕ್ಕೀತು?

ಖಿನ್ನತೆಯಲ್ಲಿ ಚಿತ್ರ ಬೇರೆ. ಆಮ್‌ಸ್ಟರ್‌ಡಾಮ್‌ನ ಒಂದು ಅಧ್ಯಯನದಲ್ಲಿ (2001) ಮಾತ್ರೆ ಮಾತ್ರ ಪಡೆದವರಲ್ಲಿ ಶೇಕಡಾ 40 ಮಂದಿ ಆರು ತಿಂಗಳೊಳಗೆ ಅದನ್ನು ನಿಲ್ಲಿಸಿಬಿಟ್ಟಿದ್ದರು. ಜೊತೆಗೆ ಮನೋವಿಶ್ಲೇಷಣೆಯ ಜಾಡಿನ ಕಿರು ಅವಧಿಯ ಮಾತಿನ ಚಿಕಿತ್ಸೆ ಪಡೆದವರಲ್ಲಿ ನಿಲ್ಲಿಸಿದವರು ಶೇಕಡಾ 22. ಮರುವರ್ಷ ಜಿನೀವಾದಿಂದ ಬಂದ 74 ರೋಗಿಗಳ ಅಧ್ಯಯನದಲ್ಲೂ ಮಾತ್ರೆಯ ಜೊತೆ ಮಾತು ಸಿಕ್ಕವರು ಆಸ್ಪತ್ರೆಯಲ್ಲಿ ಕಡಿಮೆ ಮಲಗಿದರು, ಕೆಲಸಕ್ಕೆ ಚೆನ್ನಾಗಿ ಮರಳಿದರು, ಒಟ್ಟು ಖರ್ಚೂ ಇಳಿಯಿತು. ಮಾತು ದುಬಾರಿ ಎನ್ನುವ ಆಡಳಿತಗಾರರಿಗೆ ಈ ಕೊನೆಯ ಸಂಗತಿ ತೋರಿಸಬೇಕು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದ್ದು. ಪೀಟರ್ ಫೋನಗಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ್ದು. ಅಲ್ಲಿಗೆ ಬಂದ 129 ಮಂದಿಯ ಖಿನ್ನತೆ ಹಲವು ಚಿಕಿತ್ಸೆಗಳಿಗೂ ಜಗ್ಗದ್ದು. ಎಲ್ಲರಿಗೂ ಎಂದಿನ ಔಷಧೋಪಚಾರ. ಅರ್ಧದಷ್ಟು ಮಂದಿಗೆ ಅದರ ಮೇಲೆ ಹದಿನೆಂಟು ತಿಂಗಳು ವಾರಕ್ಕೊಮ್ಮೆ ಮನೋವಿಶ್ಲೇಷಣೆಯ ಮಾತು. ಚಿಕಿತ್ಸೆ ಮುಗಿದ ದಿನ ನೋಡಿದರೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಅಲ್ಲೇ ಲೆಕ್ಕ ಮುಗಿಸಿದ್ದರೆ ಮಾತು ಸೋತಿತು ಎಂದು ಬರೆದುಕೊಳ್ಳಬಹುದಿತ್ತು. ಮತ್ತೆರಡು ವರ್ಷ ಕಾದು, ಆರಂಭದಿಂದ 42ನೇ ತಿಂಗಳಲ್ಲಿ ನೋಡಿದಾಗ ಮಾತು ಪಡೆದವರಲ್ಲಿ ಶೇಕಡಾ 30 ಮಂದಿ ಭಾಗಶಃ ಚೇತರಿಸಿಕೊಂಡ ಸ್ಥಿತಿಯಲ್ಲಿದ್ದರು, ಉಳಿದ ಗುಂಪಿನಲ್ಲಿ ಶೇಕಡಾ 4.4 ಮಾತ್ರ. ಪೂರ್ತಿ ಗುಣವಾದವರು ಮಾತಿನ ಗುಂಪಿನಲ್ಲೂ ಶೇಕಡಾ 15ರ ಒಳಗೇ. ಪವಾಡವೇನಲ್ಲ. ಆದರೆ ಚಿಕಿತ್ಸೆ ನಿಂತ ಮೇಲೂ ಫಲ ಉಳಿಯುವುದು ಮಾತಿನ ವಿಶೇಷ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಇಷ್ಟು ಹೊತ್ತು ಮಾತ್ರೆ ಬೇರೆ, ಮಾತು ಬೇರೆ ಎಂಬಂತೆ ಬರೆದೆ. ಚಿಕಿತ್ಸೆಯ ಕೋಣೆಯಲ್ಲಿ ಅವು ಹಾಗೆ ಬೇರೆಯಾಗಿ ಇರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ನಡೆಸಿದ್ದ ಖಿನ್ನತೆಯ ದೊಡ್ಡ ಅಧ್ಯಯನದ ಅಂಕಿಗಳನ್ನು 2006ರಲ್ಲಿ ಮೂವರು ಸಂಶೋಧಕರು ಮತ್ತೆ ಕೆದಕಿದರು. ಒಂಬತ್ತು ಮನೋವೈದ್ಯರು, 112 ರೋಗಿಗಳು. ಕೆಲವರಿಗೆ ಇಮಿಪ್ರಮಿನ್, ಕೆಲವರಿಗೆ ಔಷಧವೇ ಇಲ್ಲದ ಹುಸಿಗುಳಿಗೆ. ರೋಗಿಗಳ ಫಲಿತಾಂಶದಲ್ಲಿ ಕಂಡ ಏರುಪೇರಿಗೆ ಮಾತ್ರೆ ಯಾವುದು ಎಂಬುದು ಶೇಕಡಾ 3ರಷ್ಟು ಕಾರಣವಾಗಿದ್ದರೆ, ಕೊಟ್ಟವರು ಯಾರು ಎಂಬುದು ಶೇಕಡಾ 9ರಷ್ಟು ಕಾರಣವಾಗಿತ್ತು. ಒಳ್ಳೆಯ ವೈದ್ಯರ ಕೈಯ ಹುಸಿಗುಳಿಗೆ ಸಾಧಾರಣ ವೈದ್ಯರ ಕೈಯ ನಿಜವಾದ ಔಷಧಕ್ಕಿಂತ ಹೆಚ್ಚು ಫಲ ಕೊಟ್ಟಿತ್ತು. ಕೈಗುಣ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೆ ಸಿಕ್ಕ ಅಂಕಿ ಎನ್ನಿ. ವೈದ್ಯನೇ ಒಂದು ಔಷಧ, ಅದರ ಪ್ರಮಾಣವನ್ನೂ ಅಡ್ಡಪರಿಣಾಮವನ್ನೂ ಯಾರೂ ಅಳೆದಿಲ್ಲ ಎಂಬ ವಿಚಾರವನ್ನು ಹಂಗೆರಿ ಮೂಲದ ವಿಶ್ಲೇಷಕ ಮೈಕಲ್ ಬ್ಯಾಲಿಂಟ್ 1957ರಲ್ಲೇ ಮುಂದಿಟ್ಟಿದ್ದರು.

ಈ ಬೆಸುಗೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಕಾಲೇಜು ಉಪನ್ಯಾಸಕಿ. ಮಾತ್ರೆಯೂ ನಡೆಯುತ್ತಿದೆ, ವಾರಕ್ಕೊಮ್ಮೆ ಮಾತೂ ನಡೆಯುತ್ತಿದೆ, ನಿದ್ದೆ ಮರಳಿದೆ. ಚಿಕಿತ್ಸಕಿ ಕೆಲವು ದಿನ ರಜೆ ಹೋಗಿ ಬಂದಾಗ ಈಕೆ, "ಮಾತ್ರೆ ಹಿಡಿಸಲಿಲ್ಲ ಮೇಡಂ, ಹೊಟ್ಟೆ ತೊಳೆಸೋಕೆ ಶುರುವಾಯ್ತು, ಬಿಟ್ಟುಬಿಟ್ಟೆ" ಎನ್ನುತ್ತಾಳೆ. "ಯಾವತ್ತಿಂದ?" "ಸೋಮವಾರದಿಂದ." ಆ ಸೋಮವಾರವೇ ಚಿಕಿತ್ಸಕಿ ಊರು ಬಿಟ್ಟದ್ದು. ಬರೀ ಔಷಧ ನೋಡುವವರು ಇಲ್ಲಿ ಮಾತ್ರೆ ಬದಲಿಸುತ್ತಾರೆ. ಚಿಕಿತ್ಸಕಿ ಇನ್ನಷ್ಟು ಕೇಳುತ್ತ ಹೋದರೆ ಒಂದು ನೆನಪು ಬರುತ್ತದೆ: ಚಿಕ್ಕವಳಿದ್ದಾಗ ಅತ್ತರೆ ಅಮ್ಮ ಒಂದು ಚಮಚ ಸಿರಪ್ ಕುಡಿಸಿ, "ಸುಮ್ನೆ ಮಲಕ್ಕೋ" ಎಂದು ದೀಪ ಆರಿಸಿ ಆಚೆ ಹೋಗಿಬಿಡುತ್ತಿದ್ದಳು. ಔಷಧ ಕೊಡುವುದೆಂದರೆ ಬಿಟ್ಟುಹೋಗುವುದು ಎಂಬ ಅರ್ಥ ಅಂದೇ ಒಳಗೆ ಕೂತಿತ್ತು. ಮಾತ್ರೆ ಬಿಟ್ಟದ್ದು ಈಕೆ ಬಾಯಲ್ಲಿ ಆಡಲಾಗದ ಸಿಟ್ಟು. ವಿಶ್ಲೇಷಕರು ಹೆದರಿದ್ದು ಮಾತ್ರೆ ಭಾವವರ್ಗಾವಣೆಯನ್ನು ಕದಡುತ್ತದೆ ಎಂದಲ್ಲವೇ? ಇಲ್ಲಿ ಅದನ್ನು ಬಯಲಿಗೆ ತಂದದ್ದೇ ಮಾತ್ರೆ. ಹಾಗೆಂದು ಹೊಟ್ಟೆ ತೊಳೆಸುವುದನ್ನೆಲ್ಲ ಅಮ್ಮನ ಲೆಕ್ಕಕ್ಕೆ ಬರೆಯುವುದೂ ಅನಾಹುತ. ಇಂದಿನ ಖಿನ್ನತೆಯ ಮಾತ್ರೆಗಳಲ್ಲಿ ಹಲವು ನಿಜವಾಗಿಯೇ ಹೊಟ್ಟೆ ತೊಳೆಸುತ್ತವೆ. ಪ್ರಮಾಣವನ್ನೂ ನೋಡಬೇಕು, ಸೋಮವಾರವನ್ನೂ ನೋಡಬೇಕು.

ಎಲ್ಲ ಮಾತ್ರೆಯೂ ಮಾತಿಗೆ ಒಳ್ಳೆಯ ಜೊತೆಗಾರನಲ್ಲ. ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂಥ ಗುಳಿಗೆಗಳು ಅರ್ಧ ಗಂಟೆಯಲ್ಲಿ ಆತಂಕ ಇಳಿಸುತ್ತವೆ. ಆ ವೇಗವೇ ಕಂಟಕ. ಹೆದರಿಕೆ ತಲೆಯೆತ್ತಿದಾಗಲೆಲ್ಲ ಕೈ ಮಾತ್ರೆಯ ಡಬ್ಬಿಗೆ ಹೋದರೆ ಅದರ ಎದುರು ನಿಲ್ಲುವುದನ್ನು ಮನಸ್ಸು ಕಲಿಯುವುದೇ ಇಲ್ಲ. ವಾರಗಟ್ಟಲೆ ನುಂಗಿದರೆ ಅವಲಂಬನೆ ಹತ್ತುತ್ತದೆ, ಥಟ್ಟನೆ ಬಿಟ್ಟರೆ ಇನ್ನೊಂದು ಅಪಾಯ. ಹಳೆಯ ವಿಶ್ಲೇಷಕರ ಮಡಿ ಸಂಪೂರ್ಣ ಸುಳ್ಳಾಗಿರಲಿಲ್ಲ ಎಂದು ಒಪ್ಪಬೇಕಾದ ಜಾಗ ಇದು.

ನಮ್ಮಲ್ಲಿರುವುದು ಚೆಸ್ಟ್‌ನಟ್ ಲಾಡ್ಜ್‌ನ ತಿರುವುಮುರುವು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಯಿದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಯನ್ನವಲಂಬಿಸಿ ಶೇಕಡಾ 70ರಿಂದ 92. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಮಾತಿಗೆ ಹೊತ್ತೆಲ್ಲಿ? 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ಮಾನಸಿಕ ಔಷಧವನ್ನು ತಲುಪಿಸಿತು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಅದು ದೊಡ್ಡ ಕೆಲಸವೇ. ಆದರೆ ಮಾತ್ರೆಯ ಡಬ್ಬಿ ಹೋದಷ್ಟು ದೂರ ಕೇಳುವ ಕಿವಿ ಹೋಗಲಿಲ್ಲ.

ನಗರಗಳಲ್ಲಿ ಇನ್ನೊಂದು ತೊಡಕು. ಚೀಟಿ ಬರೆಯುವವರು ಒಂದು ಕಡೆ, ಮಾತಾಡಿಸುವವರು ಇನ್ನೊಂದು ಕಡೆ. ಒಬ್ಬರಿಗೆ ಇನ್ನೊಬ್ಬರ ಹೆಸರೂ ಗೊತ್ತಿರುವುದಿಲ್ಲ. ರೋಗಿ ಒಬ್ಬರ ಹತ್ತಿರ ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಮುಚ್ಚಿಡುತ್ತಾನೆ. ಒಬ್ಬರನ್ನು ಒಳ್ಳೆಯವರು, ಇನ್ನೊಬ್ಬರನ್ನು ಕೆಟ್ಟವರು ಮಾಡುತ್ತಾನೆ. ಜಗಳವಾಡುವ ಅಪ್ಪ ಅಮ್ಮನ ನಡುವೆ ಬೆಳೆದವರಿಗೆ ಈ ಆಟ ಹೊಸದಲ್ಲ. ರೋಗಿಯ ಒಪ್ಪಿಗೆ ಪಡೆದು ಇಬ್ಬರೂ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡಿದರೆ ಇದರಲ್ಲಿ ಎಷ್ಟೋ ಭಾಗ ತಪ್ಪುತ್ತದೆ.

ಇಬ್ಬರ ನಡುವಿನ ಆ ಮಾತು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಚಿಕಿತ್ಸೆ ಮುಗಿಸುವಾಗ. ಖಿನ್ನತೆಯ ಮಾತ್ರೆಯನ್ನು ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ಇಳಿಸುವುದು ರೂಢಿ. ಮಾತಿನ ಚಿಕಿತ್ಸೆ ಮುಗಿಯುವ ಹೊತ್ತೂ ಹೆಚ್ಚಾಗಿ ಅಲ್ಲೇ ಬಂದು ಬೀಳುತ್ತದೆ. ಎರಡನ್ನೂ ಒಟ್ಟಿಗೆ ನಿಲ್ಲಿಸಿದ ಮೇಲೆ ರೋಗಿಗೆ ಮತ್ತೆ ನಿದ್ದೆ ಕೆಟ್ಟಿತು ಎನ್ನಿ. ಕೆಟ್ಟದ್ದು ಮಾತ್ರೆ ಹೋದದ್ದಕ್ಕೋ, ಕೇಳುವವರು ಹೋದದ್ದಕ್ಕೋ, ಕಾಯಿಲೆಯೇ ಮರಳಿತೋ ಎಂದು ಯಾರೂ ಹೇಳಲಾರರು. ಮೊದಲು ಮಾತ್ರೆ ಇಳಿಯಲಿ, ಇಳಿಯುತ್ತಿರುವಾಗ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ವಾರದ ಆ ಒಂದು ಗಂಟೆ ಇನ್ನೂ ಕೆಲವು ತಿಂಗಳು ಉಳಿದಿರಲಿ.